ಸಾಲ್ಮಿಯಾದಲ್ಲೊಂದು ಹುಲ್ಲು ಮಾಡಿನ ಮನೆ

ಆ ಕಾಲದಲ್ಲಿ ಕುವೈತಿನಲ್ಲಿ ಬೆಳೆದವರಿಗೆ ನೆನಪಿದ್ದೀತು, ಕಟ್ಟಡದ ಮೆಟ್ಟಿಲು ಹತ್ತುವುದೆಂದರೆ ಮೂಗಿನಲ್ಲೇ ಊರೂರು ಸುತ್ತಿದ ಹಾಗೆ. ಸಾಲ್ಮಿಯಾದ ನಮ್ಮ ಕಟ್ಟಡದಲ್ಲಿ ಕೆಳಗಿನ ಮನೆಯಿಂದ ಬೆಳ್ಳುಳ್ಳಿ ಹುರಿದ ವಾಸನೆ, ಎರಡನೇ ಮಾಳಿಗೆಯಲ್ಲಿ ಐರಿನ್ ಆಂಟಿಯ ಮನೆಯಿಂದ ಇಡ್ಲಿಯಂಥ ಸನ್ನ ಬೇಯುವ ಹುಳಿ ಪರಿಮಳ, ಮೂರನೆಯದಕ್ಕೆ ಬಂದರೆ ನಮ್ಮದೇ ಬಂಗುಡೆ ಪುಳಿಮುಂಚಿ. ಸಂಜೆ ಬಿಸಿಲು ಇಳಿದ ಮೇಲೆ ಕಟ್ಟಡದ ಹಿಂದೆ ಲಗೋರಿ ಆಡುತ್ತಿದ್ದೆವು. ಮೇಲಿಂದ ಏಸಿಯ ನೀರು ತಲೆಗೆ ತೊಟ್ಟಿಕ್ಕುತ್ತಿತ್ತು. ನಮಗೆ ಗೊತ್ತಿದ್ದ ಮಳೆ ಅದೊಂದೇ.

ಪಪ್ಪ ತೈಲ ಶುದ್ಧೀಕರಣದ ಕಾರ್ಖಾನೆಯಿದ್ದ ಮೀನಾ ಅಬ್ದುಲ್ಲಾದಲ್ಲಿ ಒಂದು ಕಾಂಟ್ರಾಕ್ಟ್ ಕಂಪೆನಿಯ ಆಫೀಸಿನಲ್ಲಿದ್ದರು. ನಸುಕಿಗೇ ಕಂಪೆನಿ ಬಸ್ಸು ಹತ್ತಿ ಹೋದರೆ ಬರುವಾಗ ಅಂಗಿಯೆಲ್ಲ ಎಣ್ಣೆ ವಾಸನೆ. ಮನೆಯಲ್ಲಿ ಅಮ್ಮ, ಹತ್ತು ವರ್ಷದವಳಾದ ನಾನು, ಇನ್ನೂ ಶಾಲೆಗೆ ಸೇರದ ತಂಗಿ ಬೇಬಿ. ಮನೆಮಾತು ತುಳು. ಇಲ್ಲಿ ಅದನ್ನೆಲ್ಲ ಕನ್ನಡ ಮಾಡಿಯೇ ಬರೆಯುತ್ತಿದ್ದೇನೆ.

ಎದುರು ಬಾಗಿಲಿಗೆ ಹೊಸಬರು ಬರುತ್ತಾರೆ, ಹೆಸರು ವಾಲ್ಟರ್ ಎಂದು ವಾಚ್‌ಮನ್ ಹೇಳಿದಾಗ ಅಮ್ಮನಿಗೆ ಒಳಗೊಳಗೇ ಖುಷಿ. "ಮಂಗಳೂರಿನ ಪೊರ್ಬುಗಳು ಇರಬೇಕು" ಎಂದು, ಕ್ರಿಶ್ಚಿಯನ್ನರಿಗೆ ತುಳುವಿನಲ್ಲಿ ಹಾಗೆನ್ನುವುದು, ಅವರು ಬಂದ ದಿನವೇ ಮೀನು ಸಾರು, ಕುಚ್ಚಲಕ್ಕಿ ಅನ್ನ ಮಾಡಿ ನನ್ನ ಕೈಯಲ್ಲಿ ಕಳಿಸಿದರು. ಬಾಗಿಲು ತೆರೆದದ್ದು ಉದ್ದಕ್ಕೆ ಒಣಗಿದ, ಕೆಂಪು ಮುಖದ, ಬಿಳಿ ಹುಬ್ಬಿನ ಒಬ್ಬ ಇಂಗ್ಲಿಷಿನವರು. ನಾನು ಪಾತ್ರೆ ಹಿಡಿದು ಹಾಗೇ ನಿಂತೆ. ಮರುದಿನ ಪಾತ್ರೆ ತೊಳೆದು ತಂದುಕೊಟ್ಟರು. ಕಣ್ಣು ಇನ್ನೂ ನೀರಾಡುತ್ತಿತ್ತು. "ತುಂಬಾ ರುಚಿ. ಒಂದು ಗಂಟೆ ಅತ್ತೆ" ಎಂದರು. ಅಮ್ಮ ಸೆರಗು ಬಾಯಿಗೆ ಇಟ್ಟು ಒಳಗೆ ಓಡಿದರು. ಅಂದಿನಿಂದ ಅವರು ನಮ್ಮ ವಾಲ್ಟರ್ ಅಂಕಲ್. ಕಟ್ಟಡ ಕಟ್ಟುವ ಕಂಪೆನಿಯೊಂದರಲ್ಲಿ ಸರ್ವೇಯರ್. ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ. ಆ ಚಳಿಗಾಲಕ್ಕೆ ಕೆಲಸ ಬಿಟ್ಟು ಊರಿಗೆ ಹೋಗುವವರಿದ್ದರು.

ತೊಂಬತ್ತರ ಬೇಸಿಗೆ ರಜೆಗೆ ನಾವು ಊರಿಗೆ ಹೋಗಲಿಲ್ಲ, ಪಪ್ಪನಿಗೆ ರಜೆ ಸಿಗಲಿಲ್ಲ. ಹಾಗಾಗಿ ಆಗಸ್ಟ್ ಮೊದಲಲ್ಲಿ ಇರಾಕಿನ ಟ್ಯಾಂಕುಗಳು ಬಂದಾಗ ನಾವು ಅಲ್ಲೇ ಇದ್ದೆವು. ಬೆಳಿಗ್ಗೆ ಎದ್ದಾಗ ಪಪ್ಪ ಕಂಪೆನಿ ಬಸ್ಸಿಗೆ ಹೋಗದೆ ಬನಿಯನ್ನಿನಲ್ಲಿ ರೇಡಿಯೊದ ಮುಂದೆ ಕೂತಿದ್ದರು. ಅದನ್ನು ನೋಡಿಯೇ ನನಗೆ ಹೆದರಿಕೆಯಾಯಿತು. ಆಮೇಲೆ ಶಬ್ದ ಕೇಳಿಸಿತು, ದೂರದಲ್ಲಿ ಯಾರೋ ದೊಡ್ಡ ಕಬ್ಬಿಣದ ಕಪಾಟು ಎಳೆದ ಹಾಗೆ.

ಭಾರತದವರಿಗೆ ಅವರೇನೂ ಮಾಡುತ್ತಿರಲಿಲ್ಲ. ಹುಡುಕುತ್ತಿದ್ದದ್ದು ಇಂಗ್ಲೆಂಡು, ಅಮೆರಿಕದವರನ್ನು. ಹಿಡಿದು ಬಾಗ್ದಾದಿಗೆ ಸಾಗಿಸುತ್ತಾರೆ, ಅಡಗಿಸಿಟ್ಟವರಿಗೆ ಮರಣದಂಡನೆ ಎಂದು ಸುದ್ದಿ. ಒಂದು ಮಧ್ಯಾಹ್ನ ವಾಲ್ಟರ್ ಅಂಕಲ್ ಒಂದು ಸಣ್ಣ ಚೀಲ ಹಿಡಿದು ನಮ್ಮ ಬಾಗಿಲು ತಟ್ಟಿದರು. ಪಕ್ಕದ ಬೀದಿಯವರೆಗೆ ಬಂದಿದ್ದಾರೆ, ಇವತ್ತು ಒಂದು ದಿನ ಇರಲೇ ಎಂದು ಕೇಳಿದರು. ಪಪ್ಪ ಅವರನ್ನು ಹಾಲ್‌ನಲ್ಲಿ ಕೂರಿಸಿ ಅಡುಗೆಮನೆಗೆ ಬಂದರು.

"ಸಿಕ್ಕಿಬಿದ್ದರೆ ಎಂತ ಆಗ್ತದೆ ಗೊತ್ತುಂಟಾ ನಿನಗೆ? ಎರಡು ಮಕ್ಕಳಿದ್ದಾರೆ."

"ಗೊತ್ತುಂಟು" ಎಂದರು ಅಮ್ಮ. ಈರುಳ್ಳಿ ಹೆಚ್ಚುತ್ತಿದ್ದವರು ತಲೆ ಎತ್ತಲಿಲ್ಲ. "ಹೋಗಿ ಅಂತ ನೀವೇ ಹೇಳಿ. ನನ್ನ ಬಾಯಿಂದ ಬರುವುದಿಲ್ಲ."

ಪಪ್ಪ ಹಾಲ್‌ಗೆ ಹೋದರು. ಅವರ ಬಾಯಿಂದಲೂ ಬರಲಿಲ್ಲ.

ಒಂದು ದಿನ ಎಂದದ್ದು ಹಾಗೇ ಮುಂದುವರಿಯಿತು. ಅವರ ಮನೆಗೆ ಹೊರಗಿನಿಂದ ಬೀಗ. ಅಡುಗೆಮನೆಯ ಪಕ್ಕದ, ಅಕ್ಕಿ ಮೂಟೆ, ಪೆಟ್ಟಿಗೆಗಳಿಡುವ ಕಿಟಕಿಯಿಲ್ಲದ ಕೋಣೆಯಲ್ಲಿ ಅವರ ಹಾಸಿಗೆ. ಹಾಲ್‌ನ ಪರದೆಗಳನ್ನು ಹಗಲೂ ಎಳೆದಿಡುತ್ತಿದ್ದೆವು. ನಮಗೆ ಲಗೋರಿಯೂ ಇಲ್ಲ, ಬಾಲ್ಕನಿಯೂ ಇಲ್ಲ. ಬೇಬಿ ಇಡೀ ದಿನ ಕಿರಿಕಿರಿ, ಅಳು. ಅಂಥ ಒಂದು ಬೆಳಿಗ್ಗೆ ವಾಲ್ಟರ್ ಅಂಕಲ್ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು, "ನನ್ನ ಮನೆ ನೋಡ್ತೀಯಾ?" ಎಂದು ಕೇಳಿದರು. ಅವಳು ಎದುರು ಬಾಗಿಲಿನ ಕಡೆ ಕೈ ತೋರಿಸಿದಳು. "ಅದಲ್ಲ. ನಿಜವಾದದ್ದು."

ಟೊಮೆಟೊ ಬರುತ್ತಿದ್ದ ಮರದ ಡಬ್ಬಗಳು ನಮ್ಮಲ್ಲಿ ನಾಲ್ಕೈದು ಇದ್ದವು. ಅವನ್ನು ಬಿಚ್ಚಿ ಪಪ್ಪನ ಗರಗಸದ ಅಲಗಿನಲ್ಲಿ ಸಣ್ಣ ಸಣ್ಣ ಕಂಬ, ತೊಲೆ ಕೊಯ್ದರು. ನಾನು ಅಂಟಿನ ಬಾಟಲಿ ತಂದರೆ ತಲೆ ಅಲ್ಲಾಡಿಸಿದರು.

"ಅಂಟು ಬೇಡ, ಮೊಳೆ ಬೇಡ. ನಮ್ಮ ಮನೆಯಲ್ಲಿ ಒಂದೇ ಒಂದು ಮೊಳೆ ಇಲ್ಲ."

ಅವರ ಮನೆ ಇಂಗ್ಲೆಂಡಿನ ಮೂಡು ಭಾಗದ ಒಂದು ಹಳ್ಳಿಯಲ್ಲಿ. ಕಟ್ಟಿ ನಾನೂರು ವರ್ಷವಾದರೂ ಆಗಿರಬಹುದು, ಯಾರಿಗೂ ಸರಿಯಾಗಿ ಗೊತ್ತಿಲ್ಲವಂತೆ. ಓಕ್ ಮರವನ್ನು ಕಡಿದ ಕೂಡಲೇ, ಹಸಿಯಾಗಿರುವಾಗಲೇ ಕೊಯ್ದು ಚೌಕಟ್ಟು ಮಾಡುತ್ತಿದ್ದರು. ಒಂದು ಮರದಲ್ಲಿ ತೂತು, ಇನ್ನೊಂದರ ತುದಿಯಲ್ಲಿ ನಾಲಿಗೆ. ಒಳಗೆ ತೂರಿಸಿ ಅಡ್ಡಕ್ಕೆ ಮರದ ಗೂಟ ಹೊಡೆದರೆ ಮುಗಿಯಿತು. ಮರ ಒಣಗುತ್ತ ಹೋದ ಹಾಗೆ ತಿರುಚಿಕೊಂಡು ಒಂದನ್ನೊಂದು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಅದಕ್ಕೇ ಮನೆಯೆಲ್ಲ ಒಂದಿಷ್ಟು ವಾಲಿರುತ್ತದೆ. ಸಣ್ಣವರಿದ್ದಾಗ ಉಪ್ಪರಿಗೆಯಲ್ಲಿ ಗೋಲಿ ಆಡಲು ಕೂತರೆ ಎಲ್ಲ ಗೋಲಿಗಳೂ ಉರುಳಿ ಒಂದೇ ಮೂಲೆಗೆ ಹೋಗಿ ಬೀಳುತ್ತಿದ್ದವಂತೆ. "ಆ ಮೂಲೆಯಲ್ಲಿ ನನ್ನ ಅಕ್ಕ ಕೂರುತ್ತಿದ್ದಳು. ಯಾವಾಗಲೂ ಅವಳೇ ಗೆಲ್ಲುವುದು."

ನಮ್ಮ ಗೂಟಗಳು ಹಲ್ಲುಕಡ್ಡಿಗಳು. ಹಿಂದೆ ಬಡಗಿಗಳು ಚೌಕಟ್ಟನ್ನು ಮೊದಲು ನೆಲದ ಮೇಲೆ ಜೋಡಿಸಿ, ಯಾವ ತೊಲೆಗೆ ಯಾವ ಕಂಬ ಎಂದು ಎರಡಕ್ಕೂ ಒಂದೇ ಗುರುತು ಕೊರೆದು, ಬಿಡಿಸಿ, ಮತ್ತೆ ಎತ್ತಿ ನಿಲ್ಲಿಸುತ್ತಿದ್ದರಂತೆ. ಗುರುತು ಹಾಕುವ ಕೆಲಸ ನಮಗೆ ಬಂತು. ನಾನು ಗೆರೆ ಎಳೆದೆ. ಬೇಬಿ ತನಗೆ ಮೀನೇ ಬೇಕೆಂದು ಹಟ ಮಾಡಿ ಮೀನು ಬರೆದಳು. ಗೋಡೆಗೆ ಕಡ್ಡಿ ಹೆಣೆಯಬೇಕೆಂದಾಗ ಅಮ್ಮ ಊರಿನಿಂದ ತಂದ ಹಿಡಿಸೂಡಿ ಪೊರಕೆಯನ್ನೇ ಬಿಚ್ಚಿ ಕೊಟ್ಟರು. ಕುವೈತಿನಲ್ಲಿ ತೆಂಗಿನ ಕಡ್ಡಿಯ ಹಿಡಿಸೂಡಿ ಅಂದರೆ ಏನು ಬೆಲೆ ಎಂದು ಅಲ್ಲಿದ್ದ ಹೆಂಗಸರಿಗೆ ಗೊತ್ತು.

"ಈ ಹೆಣೆದದ್ದಕ್ಕೆ ಮಣ್ಣು ಮೆತ್ತುವುದು. ಜೇಡಿಮಣ್ಣು, ಕತ್ತರಿಸಿದ ಹುಲ್ಲು, ಮತ್ತೆ..." ವಾಲ್ಟರ್ ಅಂಕಲ್ ಅಮ್ಮನ ಮುಖ ನೋಡಿ ಸ್ವಲ್ಪ ಸಂಕೋಚಪಟ್ಟರು. "ಮತ್ತೆ ದನದ ಸಗಣಿ."

ನಾನು ತುಳುವಿನಲ್ಲಿ ಹೇಳಿದೆ. ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. "ಅಲ್ಲಿಯೂ ಸಗಣಿಯಾ?" ಎಂದು ನಗತೊಡಗಿದವರು ನಿಲ್ಲಿಸಲೇ ಇಲ್ಲ. ಟ್ಯಾಂಕು ಬಂದ ಮೇಲೆ ಅಮ್ಮ ನಕ್ಕದ್ದು ಅದೇ ಮೊದಲು. ಪಪ್ಪ ಒಳಗಿನಿಂದ "ಮೆಲ್ಲ, ಮೆಲ್ಲ" ಎಂದು ಓಡಿ ಬಂದರು. ಆಮೇಲೆ ಅಮ್ಮ ಅಲ್ಲೇ ನೆಲದ ಮೇಲೆ ಕೂತರು. ಅವರ ತವರು ಮೂಡಬಿದಿರೆ ಕಡೆ. ಅವರು ಹುಟ್ಟಿದ್ದು ಮುಳಿಹುಲ್ಲು ಹೊದಿಸಿದ, ಮಣ್ಣಿನ ಗೋಡೆಯ ಮನೆಯಲ್ಲಿ. ನಮಗೆ ಅದನ್ನು ಯಾವತ್ತೂ ಹೇಳಿರಲಿಲ್ಲ. ಗಲ್ಫಿಗೆ ಬಂದ ಮೇಲೆ ಹುಲ್ಲಿನ ಮನೆಯ ಸುದ್ದಿ ಯಾರಿಗೆ ಬೇಕು? ಈಗ ಹೂಕುಂಡದ ಮಣ್ಣನ್ನು ಕಲಸುತ್ತ, ಮುಳಿ ಹುಲ್ಲನ್ನು ಗುಡ್ಡದಿಂದ ಹೊತ್ತು ತರುವಾಗ ಕುತ್ತಿಗೆ ಹೇಗೆ ತುರಿಸುತ್ತದೆ, ಮಾಡು ಹೊದಿಸುವ ದಿನ ಬಂದವರಿಗೆಲ್ಲ ಅವಲಕ್ಕಿ, ಬೆಲ್ಲ ಹೇಗೆ ಹಂಚುತ್ತಿದ್ದರು ಎಂದೆಲ್ಲ ಹೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಿ ಹೇಳಿ ಸುಸ್ತಾದೆ. ಕಡೆಕಡೆಗೆ ಅವರಿಬ್ಬರಿಗೆ ನಾನು ಬೇಕಾಗಲೇ ಇಲ್ಲ. ಕೈಸನ್ನೆಯಲ್ಲೇ ನಡೆಯಿತು.

"ಎಷ್ಟು ವರ್ಷಕ್ಕೊಮ್ಮೆ ಹೊದಿಸ್ತೀರಿ?" ಎಂದು ಅಂಕಲ್ ಕೇಳಿದರು.

"ವರ್ಷ ವರ್ಷ!"

"ನಮ್ಮದು ನನ್ನ ಅಪ್ಪ ಹೊದಿಸಿದ್ದು. ಇನ್ನೂ ಉಂಟು." ಅವರ ಅಪ್ಪ ಮಾಡಿಗೆ ಹುಲ್ಲು ಹೊದಿಸುವ ಕೆಲಸದವರು. ಕೆರೆ ಬದಿಯ ಜೊಂಡನ್ನು ಚಳಿಗಾಲದಲ್ಲಿ ಕೊಯ್ದು, ಕಟ್ಟು ಕಟ್ಟಿ, ಕಡಿದಾದ ಮಾಡಿನ ಮೇಲೆ ಕೆಳಗಿನಿಂದ ಸಾಲಾಗಿ ಇಡುತ್ತ ಹೋಗುವುದು. ಮರದ ಹಲಗೆಯಿಂದ ಬಡಿದು ಬಡಿದು ತುದಿಗಳನ್ನು ಸಮ ಮಾಡುವುದು. ನೀರು ಒಳಗೆ ಇಳಿಯುವ ಮೊದಲೇ ಜಾರಿಹೋಗಬೇಕು. ಮಾಡಿನ ನೆತ್ತಿಗೆ ಮಾತ್ರ ಜೊಂಡು ಬಾಗುವುದಿಲ್ಲ, ಅಲ್ಲಿಗೆ ಬೇರೆ ಮೆತ್ತಗಿನ ಹುಲ್ಲು ಬೇಕು. ಆ ನೆತ್ತಿ ಈಗ ಹಾಳಾಗಿದೆ, ಗುಬ್ಬಿಗಳು ಕಿತ್ತು ಹಾಕಿವೆ, ಈ ಚಳಿಗಾಲ ಹೋಗಿ ಸರಿ ಮಾಡಿಸಬೇಕೆಂದಿದ್ದೆ ಎಂದರು.

ಬಾಲ್ಕನಿಯಲ್ಲಿ ಬಿಸಿಲು ತಡೆಯಲು ತೂಗುಹಾಕಿದ್ದ ಜೊಂಡಿನ ಚಾಪೆ ಮುದುಡಿ ಬಿದ್ದಿತ್ತು. ಬಸ್ರಾ ಕಡೆಯಿಂದ ಬರುತ್ತಿದ್ದ ಚಾಪೆಗಳು ಅವು. ಅದನ್ನೇ ಬಿಡಿಸಿ, ಸೀಳಿ, ಬೆರಳುದ್ದದ ಕಟ್ಟುಗಳನ್ನು ಮಾಡಿದೆವು. ಅಂಕಲ್‌ನ ಊರಿನಲ್ಲಿ ಅದನ್ನು ಹಿಡಿದು ನಿಲ್ಲಿಸಲು ಹಸಿ ಕೋಲನ್ನು ತಿರುಚಿ ಹೇರ್‌ಪಿನ್ನಿನ ಹಾಗೆ ಬಾಗಿಸುತ್ತಾರಂತೆ. ಅಮ್ಮ ತಲೆಯಿಂದ ಒಂದೊಂದೇ ಹೇರ್‌ಪಿನ್ ತೆಗೆದುಕೊಟ್ಟರು. ಕಡೆಗೆ ಪಪ್ಪನೂ ಬಂದು ಕೂತರು. ಅದುವರೆಗೆ ಕಿಟಕಿಯ ಸಂದಿಯಲ್ಲಿ ಬೀದಿ ನೋಡುವುದೇ ಅವರ ಕೆಲಸವಾಗಿತ್ತು. ತುಂಬಾ ಹೊತ್ತು ನೋಡಿ, "ಈ ಕಂಬ ಸ್ವಲ್ಪ ಓರೆ ಉಂಟಲ್ಲ" ಎಂದರು. "ಓರೆಯೇ ಇರಬೇಕು" ಎಂದು ಬೇಬಿ ಗದರಿಸಿದಳು. ಮೈದಾ ನೀರಿಗೆ ಅಮ್ಮ ಕುಂಕುಮ ಸೇರಿಸಿದರು. ಅಂಕಲ್‌ನ ಊರಲ್ಲಿ ಮನೆಗಳಿಗೆ ಬಳಿಯುವುದು ತಿಳಿಗೆಂಪು ಸುಣ್ಣವಂತೆ. ಊಟದ ಮೇಜಿನ ಮೇಲೆ ಆ ತಿಳಿಗೆಂಪು ಗೋಡೆಯ, ಕಪ್ಪು ಕಂಬಗಳ, ದಪ್ಪ ಟೊಪ್ಪಿ ಹಾಕಿದಂಥ ಮನೆ ನಿಂತಾಗ ಪರದೆಯಾಚೆ ಏನು ನಡೆಯುತ್ತಿದೆ ಎಂದು ನಮಗೆ ಮರೆತೇಹೋಗಿತ್ತು.

ಸೈನಿಕರು ಬಂದದ್ದು ಹಗಲು, ಅಮ್ಮ ಅನ್ನ ಬಸಿಯುತ್ತಿದ್ದಾಗ. ಮೊದಲು ಕೆಳಗೆ ಬಾಗಿಲು ಬಡಿಯುವ ಸದ್ದು. ವಾಲ್ಟರ್ ಅಂಕಲ್ ಒಳಗೆ ಹೋಗಿ ಅಕ್ಕಿ ಮೂಟೆಗಳ ಹಿಂದೆ ಕೂತರು. ಪಪ್ಪ ಕೋಣೆಯ ಬಾಗಿಲೆಳೆದು ಅದಕ್ಕೆ ಅಡ್ಡವಾಗಿ ಇಸ್ತ್ರಿ ಮೇಜು ನಿಲ್ಲಿಸಿದರು. ಮೂವರು ಸೈನಿಕರು. ಇಬ್ಬರು ನೇರ ಮಲಗುವ ಕೋಣೆಗೆ ಹೋಗಿ ಕಪಾಟು ತೆರೆದು ಬಟ್ಟೆ ಎಳೆದರು. ಮೂರನೆಯವನು ಪಪ್ಪನಿಗಿಂತ ದೊಡ್ಡವನು, ಗಡ್ಡ ನರೆತಿತ್ತು, ಬೂಟಿನ ಲೇಸು ಬಿಚ್ಚಿಹೋಗಿತ್ತು. ಹಾಲ್ ನೋಡುತ್ತ ಬಂದವನು ಮೇಜಿನ ಮುಂದೆ ನಿಂತುಬಿಟ್ಟ.

ಬಂದೂಕನ್ನು ಹೆಗಲಿಗೆ ಸರಿಸಿ ಎರಡು ಬೆರಳಿನಿಂದ ಮಾಡನ್ನು ಮುಟ್ಟಿದ. "ಗಸಬ್" ಎಂದ. ಜೊಂಡು. ಶಾಲೆಯಲ್ಲಿ ಅರಬ್ಬಿ ಕಲಿಸುತ್ತಿದ್ದರಿಂದ ನನಗೆ ಒಂದಿಷ್ಟು ತಿಳಿಯುತ್ತಿತ್ತು. ಯಾರು ಮಾಡಿದ್ದು ಎಂದು ಕೇಳಿದ. ಅಮ್ಮನಿಗೆ ಅರಬ್ಬಿಯಲ್ಲಿ ಗೊತ್ತಿದ್ದದ್ದು ಮನೆಗೆ ಬೈತ್, ಭಾರತಕ್ಕೆ ಹಿಂದ್, ಅಷ್ಟೆ. ಆದರೂ ಅವರೇ ಮುಂದೆ ಬಂದು ಎದೆ ಮುಟ್ಟಿಕೊಂಡರು. "ನಾನು. ಬೈತ್. ಹಿಂದ್. ನನ್ನ ಅಮ್ಮನ ಬೈತ್." ಕೈಗೆ ಅಂಟಿದ್ದ ಒಣ ಮಣ್ಣು ತೋರಿಸಿದರು.

ಅವನು ಮೊಣಕಾಲೂರಿ ಒಳಗೆ ಇಣುಕಿದ. ತನ್ನ ಮನೆಯೂ ಹೀಗೇ ಎಂದ. ನೀರಿನ ನಡುವೆ, ಎಲ್ಲ ಜೊಂಡು, ಗೋಡೆ ಜೊಂಡು, ಕಂಬವೂ ಜೊಂಡು, ಮರವೇ ಇಲ್ಲ. ಹೇಳುವಾಗ ಎರಡೂ ಕೈ ಎತ್ತಿ ಕಮಾನು ಮಾಡಿ ತೋರಿಸಿದ. ಮಕ್ಕಳು ದೋಣಿಯಲ್ಲಿ ಹೋಗಿ ಜೊಂಡು ತರುತ್ತಾರೆ ಎಂದ ಹಾಗೆ ನೆನಪು. ಅಷ್ಟರಲ್ಲಿ ಬೇಬಿ, ತನ್ನ ಮೀನಿನ ಗುರುತು ಯಾರೂ ತೋರಿಸಲಿಲ್ಲವೆಂಬ ಸಿಟ್ಟಿಗೋ ಏನೋ, ದೊಡ್ಡಕ್ಕೆ ಹೇಳಿದಳು: "ಇದು ಅಮ್ಮಂದಲ್ಲ. ವಾಲ್ಟರ್ ಅಂಕಲಂದು."

ತುಳು ಅವನಿಗೆ ಗೊತ್ತಿಲ್ಲ. ಹೆಸರು ಗೊತ್ತಾಯಿತು.

"ವಾಲ್ತರ್?" ಎಂದು ಕೇಳಿ ಎದ್ದು ನಿಂತ.

"ಖಾಲ್" ಎಂದರು ಪಪ್ಪ. ಸೋದರಮಾವ ಎಂದರ್ಥ. ಅವರ ಸ್ವರ ನನಗೆ ಗುರುತೇ ಸಿಗಲಿಲ್ಲ. "ಇವಳ ಖಾಲ್. ಹಿಂದ್‌ನಲ್ಲಿದ್ದಾನೆ. ಬಡಗಿ."

ಸೈನಿಕ ಪಪ್ಪನನ್ನು ನೋಡಿದ. ಇಸ್ತ್ರಿ ಮೇಜನ್ನು ನೋಡಿದ. ಅದರ ಹಿಂದಿನ ಬಾಗಿಲನ್ನೂ ನೋಡಿದ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಪಪ್ಪ ಇಲ್ಲ ಎನ್ನುತ್ತಾರೆ. ಮಲಗುವ ಕೋಣೆಯಿಂದ ಇನ್ನಿಬ್ಬರು ಬಂದು ಏನೋ ಕೇಳಿದರು. ಅವನು "ಮಾಕು ಅಹದ್" ಎಂದ. ಯಾರೂ ಇಲ್ಲ. ಹೊರಡುವಾಗ ಮೇಜಿನ ಮೇಲೆ ಉಳಿದಿದ್ದ ಜೊಂಡಿನ ಚೂರೊಂದನ್ನು ಎತ್ತಿ ಮೂಸಿ, ಅಲ್ಲೇ ಇಟ್ಟು ಹೋದ.

ಅಮ್ಮ ಬೇಬಿಗೆ ಹೊಡೆಯುತ್ತಾರೆ ಎಂದುಕೊಂಡೆ. ಅಪ್ಪಿ ಹಿಡಿದುಕೊಂಡು ನೆಲದ ಮೇಲೆ ಕೂತರು. ಅನ್ನ ಮುದ್ದೆಯಾಗಿ ತಳ ಹಿಡಿದಿತ್ತು. ಅವತ್ತು ಅದನ್ನೇ ಉಂಡೆವು. ಉಣ್ಣುವಾಗ ವಾಲ್ಟರ್ ಅಂಕಲ್‌ಗೆ ಅವನು ಹೇಳಿದ್ದನ್ನೆಲ್ಲ ನಾನು ಹೇಳಿದೆ. ಅವರು ಮತ್ತೆ ಮತ್ತೆ ಕೇಳಿದ್ದು ಒಂದೇ: "ಕಂಬವೂ ಜೊಂಡಿನದೇ? ಕಮಾನಿನ ಹಾಗೆ ಬಾಗಿಸುತ್ತಾರಾ? ಹೇಗಂತ ಹೇಳಲಿಲ್ಲವಾ?" ಪಪ್ಪನಿಗೆ ರೇಗಿತು. ಅಂಕಲ್ ತಟ್ಟೆ ನೋಡುತ್ತ, "ಆ ಮನುಷ್ಯನ ಹತ್ತಿರ ಒಂದು ಸಂಜೆ ಕೂತು ಮಾತಾಡಬೇಕಿತ್ತು" ಎಂದರು.

ಸೆಪ್ಟೆಂಬರಿನಲ್ಲಿ ನಮ್ಮ ಸರದಿ ಬಂತು. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿಗೆ, ಅಲ್ಲಿಂದ ವಿಮಾನ. ಅಮ್ಮ ಬರುವುದಿಲ್ಲವೆಂದು ಕೂತರು. "ಇವರಿಗೆ ಯಾರು ಬೇಯಿಸಿ ಹಾಕುವುದು?" ಕೊನೆಗೆ ಎರಡನೇ ಮಾಳಿಗೆಯ ಐರಿನ್ ಆಂಟಿ ಮೇಲೆ ಬಂದರು. ನರ್ಸ್ ಆಗಿದ್ದ ಅವರು ಆಸ್ಪತ್ರೆ ಬಿಟ್ಟು ಹೊರಡುವ ಹಾಗಿರಲಿಲ್ಲ.

"ನೀವು ಮಕ್ಕಳನ್ನು ಕರ್ಕೊಂಡು ಹೋಗಿ ಮಾರಾಯ್ರೆ" ಎಂದರು. "ಒಬ್ಬಳಿಗೆ ಗಂಜಿ ಮಾಡುವುದು, ಇಬ್ಬರಿಗೆ ಮಾಡುವುದು, ಒಂದೇ."

"ಐರಿನ್ ಬಾಯಿ, ಅವರಿಗೆ ಖಾರ ಕಮ್ಮಿ ಹಾಕಿ" ಎಂದು ಅಮ್ಮ ಅತ್ತರು.

ಮೇಜಿನ ಮೇಲಿನ ಮನೆಯ ನೆತ್ತಿ ಇನ್ನೂ ಮುಗಿದಿರಲಿಲ್ಲ. ಗೋಣಿಯ ನಾರಿನಿಂದ ಮಾಡಬೇಕೆಂದಿದ್ದೆವು. ಅದನ್ನು ಊರಿಗೆ ತೆಗೆದುಕೊಂಡು ಹೋಗುತ್ತೇನೆಂದು ನಾನು ಹಟ ಹಿಡಿದೆ. ವಾಲ್ಟರ್ ಅಂಕಲ್ ನನ್ನ ಎದುರು ಕುಕ್ಕರಗಾಲಲ್ಲಿ ಕೂತು, "ಇಲ್ಲೇ ಬಿಟ್ಟುಹೋಗು. ನನ್ನ ಕೈಗೂ ಏನಾದರೂ ಕೆಲಸ ಬೇಕಲ್ಲ" ಎಂದರು. ಬೇಬಿ ನಿದ್ದೆಯಲ್ಲಿದ್ದಳು. ಅವಳ ಪಾದ ಮುಟ್ಟಿದರು. ಬಾಗಿಲವರೆಗೆ ಬರುವ ಹಾಗಿರಲಿಲ್ಲ. ನಾವು ಮೆಟ್ಟಿಲಿಳಿಯುವಾಗ ಐರಿನ್ ಆಂಟಿ ಹೊರಗಿನಿಂದ ಬೀಗ ಹಾಕಿದ ಸದ್ದು ಕೇಳಿಸಿತು.

ದಾರಿಯ ಕಷ್ಟ ಎಲ್ಲರೂ ಬರೆದಿದ್ದಾರೆ. ಮರಳು, ನೀರಿನ ಸಾಲು, ಡೇರೆ. ನಾವೂ ಅದನ್ನೆಲ್ಲ ಕಂಡು ಉಡುಪಿ ಹತ್ತಿರದ ಕಾಪುವಿನಲ್ಲಿ ಒಂದು ಬಾಡಿಗೆ ಮನೆ ಸೇರಿದೆವು. ಹೆಂಚಲ್ಲ, ತಗಡಿನ ಶೀಟಿನ ಮಾಡು. ಡಿಸೆಂಬರಿನಲ್ಲಿ ಪರದೇಶದವರನ್ನೆಲ್ಲ ಬಿಟ್ಟರು ಎಂದು ರೇಡಿಯೊದಲ್ಲಿ ಬಂದಾಗ ಅಮ್ಮ ದೇವರಿಗೆ ದೀಪ ಹಚ್ಚಿದರು. ಯುದ್ಧ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ಟೀವಿಯಲ್ಲಿ ಕುವೈತಿನಿಂದ ಬಸ್ರಾಕ್ಕೆ ಹೋಗುವ ರಸ್ತೆಯನ್ನು ತೋರಿಸಿದರು. ಹಿಂದೆ ಸರಿಯುತ್ತಿದ್ದ ಸೈನಿಕರ ಲಾರಿಗಳು, ಸುಟ್ಟು ಕರಕಲಾಗಿ, ಕಣ್ಣು ಹಾಯುವಷ್ಟು ದೂರ. ನೆರೆಮನೆಯವರು ಚಪ್ಪಾಳೆ ತಟ್ಟಿದರು, ಕುವೈತ್ ಉಳಿಯಿತು, ಇನ್ನು ನೀವು ಹೋಗಬಹುದು ಎಂದರು. ಅಮ್ಮ ಟೀವಿಗೆ ಮುಖ ತಾಗುವಷ್ಟು ಹತ್ತಿರ ಹೋಗಿ ನೋಡುತ್ತಿದ್ದರು. "ಎಂತ ಹುಡುಕ್ತಿದ್ದೀರಿ?" ಎಂದು ಆ ಮನೆಯ ಹೆಂಗಸು ಕೇಳಿದರು. ಮನೆಗೆ ಬರುವ ದಾರಿಯಲ್ಲಿ ಅಮ್ಮ ನನ್ನ ಹತ್ತಿರ, "ಅವನ ಹೆಸರು ಕೂಡ ಕೇಳಲಿಲ್ಲ ಅಲ್ವಾ ನಾವು" ಎಂದರು.

ಐರಿನ್ ಆಂಟಿ ರಜೆಗೆ ಬಂದಾಗ ಉಳಿದದ್ದು ತಿಳಿಯಿತು. ನವೆಂಬರಿನಲ್ಲಿ ಗ್ಯಾಸು ಮುಗಿದಿತ್ತಂತೆ. ಮಂಚದ ಹಲಗೆಯೂ ಉರಿದು ಮುಗಿದ ಮೇಲೆ ವಾಲ್ಟರ್ ಅಂಕಲ್ ತಾವೇ ಆ ಪುಟ್ಟ ಮನೆಯನ್ನು ಬಿಡಿಸಿ ಒಲೆಗೆ ಒಂದೊಂದೇ ಕೋಲು ಕೊಟ್ಟರಂತೆ. ಮೊಳೆ, ಅಂಟು ಇಲ್ಲದ್ದರಿಂದ ಸುಲಭವಾಗಿ ಬಿಟ್ಟುಕೊಂಡಿತಂತೆ. "ಎರಡು ಸಲ ಗಂಜಿ ಆಯ್ತು ಅದರಲ್ಲಿ" ಎಂದರು ಆಂಟಿ. ನಾನು ಅತ್ತೆ. ಅಮ್ಮ ಮಾತ್ರ, "ಅಷ್ಟಾದರೂ ಆಯ್ತಲ್ಲ" ಎಂದರು.

ಆ ಮಳೆಗಾಲದಲ್ಲಿ ಒಂದು ಭಾನುವಾರ ಮನೆ ಹತ್ತಿರದ ಅಂಗಡಿಯ ಫೋನಿಗೆ ವಾಲ್ಟರ್ ಅಂಕಲ್‌ನದೇ ಕರೆ. ಅಮ್ಮ ಕೊಡೆಯನ್ನೂ ಹಿಡಿಯದೆ ಓಡಿದರು. ಅಂಗಡಿಯ ಶೀಟಿನ ಮೇಲೆ ಮಳೆ ಹೊಯ್ಯುತ್ತಿತ್ತು, ನನಗೆ ಅರ್ಧವೂ ಕೇಳಿಸುತ್ತಿರಲಿಲ್ಲ. ಮಾಡಿನ ನೆತ್ತಿ ಆಯ್ತಾ ಎಂದು ಅಮ್ಮ ಕೇಳಿಸಿದರು. ಆಯಿತು, ಈಗ ಅದರ ಕೆಳಗೇ ಕೂತಿದ್ದೇನೆ, ಇಲ್ಲಿಯೂ ಮಳೆ ಎಂದರು. ಮತ್ತೆ ಆ ಮಳೆಯಲ್ಲಿ ನಿಮಗೆ ನಮ್ಮ ಮಾತು ಹೇಗೆ ಕೇಳಿಸುತ್ತದೆ ಎಂದು ಕೇಳಿದೆ. "ಹುಲ್ಲಿನ ಮಾಡಿನ ಕೆಳಗೆ ಮಳೆ ಸದ್ದು ಮಾಡುವುದಿಲ್ಲ ಮಗೂ." ತುಳುವಿನಲ್ಲಿ ಹೇಳಿದಾಗ ಅಮ್ಮ ಕಣ್ಣು ಮುಚ್ಚಿದರು. "ಹೌದು. ಹೌದು. ನನಗೆ ಮರೆತುಹೋಗಿತ್ತು."

ಈಗ ಅಮ್ಮ ಹುಟ್ಟಿದ ಮುಳಿಹುಲ್ಲಿನ ಮನೆಯಿದ್ದ ಜಾಗದಲ್ಲಿ ಟೆರೇಸಿನ ಮನೆ ಎದ್ದಿದೆ. ಅದು ಹೇಗೆ ನಿಂತಿತ್ತು ಎಂದು ಹೇಳಲು ಅಮ್ಮನೂ ಇಲ್ಲ, ವಾಲ್ಟರ್ ಅಂಕಲ್ ಹೋಗಿಯೂ ವರ್ಷಗಳಾದವು. ಬಸ್ರಾದ ಉತ್ತರಕ್ಕೆ ಆ ಸೈನಿಕನಂಥವರ ಜೊಂಡಿನ ಮನೆಗಳಿದ್ದ ಜೌಗು ನೀರನ್ನು ಯುದ್ಧದ ಮೇಲೆ ಅವರ ಸರ್ಕಾರವೇ ಬತ್ತಿಸಿ, ಜೊಂಡು ಸುಟ್ಟು, ಜನರನ್ನು ಓಡಿಸಿತು ಎಂದು ಓದಿದ್ದೇನೆ. ಮತ್ತೆ ಸ್ವಲ್ಪ ನೀರು ಬಂದಿದೆಯಂತೆ. ಅವನು ಮನೆ ತಲುಪಿದನೋ ಇಲ್ಲವೋ. ಮನೆಯನ್ನು ಬೆರಳಿನಿಂದಲೇ ಗುರುತು ಹಿಡಿಯಬಲ್ಲ ಅಂಥವರನ್ನು ನಾನು ಆಮೇಲೆ ಕಂಡದ್ದಿಲ್ಲ. ನನ್ನ ಬೆರಳಿಗಂತೂ ಏನೂ ತಿಳಿಯುವುದಿಲ್ಲ. ನಾನು ಈಗ ಮತ್ತೆ ಕುವೈತಿನಲ್ಲೇ, ಸಲ್ವಾದಲ್ಲಿದ್ದೇನೆ. ಎದುರು ಬಾಗಿಲಿನವರ ಹೆಸರು ಅವರ ಡೋರ್‌ಬೆಲ್ಲಿನ ಮೇಲೆ ಓದಿ ಗೊತ್ತು, ಅಷ್ಟೆ. ನಾನು ತುಳುವಿನಲ್ಲಿ ಕೇಳಿದ್ದಕ್ಕೆ ನನ್ನ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ.

ಯಾರಾದರೂ ನಿನ್ನ ಮನೆ ಯಾವುದು ಎಂದು ಕೇಳಿದರೆ ಹೇಳಲು ನನಗೆ ನಾಚಿಕೆ. ಕಾಪು ಅಲ್ಲ, ಸಲ್ವಾ ಅಲ್ಲ. ಪರದೆ ಎಳೆದ, ಸೆಕೆ ಹಿಡಿದ, ಎಲ್ಲರೂ ಪಿಸುಮಾತಿನಲ್ಲಿ ನಗುತ್ತಿದ್ದ ಸಾಲ್ಮಿಯಾದ ಆ ಹಾಲ್. ಜೀವಕ್ಕೆ ಹೆದರಿ ಕೂತಿದ್ದ ಜಾಗಕ್ಕೆ ಮನಸ್ಸು ಹೀಗೆ ಹಾತೊರೆಯುತ್ತದೆ ಎಂದರೆ ನಂಬುವವರಾದರೂ ಯಾರು? ಆ ಕಟ್ಟಡ ಕೆಡವಿ ಬಹಳ ಕಾಲವಾಯಿತು. ಅಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಕಳೆದ ಚಳಿಗಾಲ ಅಂಗಡಿಗೆಂದು ಹೋದವಳು ನಾನೂ ಅಲ್ಲೇ ನಿಲ್ಲಿಸಿದೆ. ಎಂಜಿನ್ ಆರಿಸಿದೆ. ಮೂರನೇ ಮಾಳಿಗೆ ಎಷ್ಟು ಎತ್ತರದಲ್ಲಿ ಇದ್ದೀತು ಎಂದು ಗಾಜಿನಿಂದ ಮೇಲೆ ನೋಡಿದೆ. ಬರೀ ಆಕಾಶವಿತ್ತು.